ದಾದಾಭಾಯಿ ನವರೋಜಿ

ದಾದಾಭಾಯಿ ನವರೋಜಿ (ಸೆಪ್ಟೆಂಬರ್ 4, 1825 – ಜೂನ್ 30, 1917) ಭಾರತದ ರಾಷ್ಟ್ರೀಯ ಆಂದೋಲನದ ಆದ್ಯ ನಾಯಕರಲ್ಲಿ ಒಬ್ಬರು, ಶಿಕ್ಷಕರು, ವರ್ತಕರು ಹಾಗೂ ಆರ್ಥಿಕ ಚಿಂತಕರು. ಭಾರತದ ಸಂಪತ್ತು ಇಂಗ್ಲೆಂಡಿಗೆ ಹರಿದುಹೋಗುತ್ತಿರುವುದನ್ನು ಅಂಕಿ ಅಂಶಗಳ ಮೂಲಕ ವಿವರಿಸಿದ ಸಂಪತ್ತಿನ ಸೋರಿಕೆಯ ಸಿದ್ಧಾಂತ ಇವರ ಹೆಸರಿನೊಡನೆ ಸೇರಿಕೊಂಡಿದೆ. 1892ರ ಬ್ರಿಟಿಷ್ ಮಹಾಚುನಾವಣೆಯಲ್ಲಿ ಲಂಡನ್ನಿನ ಸೆಂಟ್ರಲ್ ಫಿನ್ಸ್‌ಬರಿ ಕ್ಷೇತ್ರದಿಂದ ಲಿಬರಲ್ ಪಕ್ಷದ ಅಭ್ಯರ್ಥಿಯಾಗಿ ಗೆದ್ದು 1895ರವರೆಗೆ ಹೌಸ್ ಆಫ್ ಕಾಮನ್ಸ್‌ನ ಸದಸ್ಯರಾಗಿದ್ದರು. ಭಾರತೀಯ ರಾಷ್ಟ್ರೀಯ ಕಾಂಗ್ರೆಸ್ಸಿನ ಅಧ್ಯಕ್ಷ ಪದವಿಯನ್ನು ಮೂರು ಬಾರಿ (1886, 1893, 1906) ಅಲಂಕರಿಸಿದರು. ಭಾರತೀಯರು ಇವರನ್ನು ಗೌರವದಿಂದ ಭಾರತದ ವೃದ್ಧ ಪಿತಾಮಹ ಎಂದು ಕರೆದರು.

ಬ್ರಿಟಿಷ್ ಸಂಸತ್ತನ್ನು ಪ್ರವೇಶಿಸಿದ ಮೊದಲ ಭಾರತೀಯ ಎಂದು ಇವರನ್ನು ಸಾಮಾನ್ಯವಾಗಿ ವರ್ಣಿಸಲಾಗುತ್ತದೆ. ಇವರಿಗಿಂತ ಅರ್ಧ ಶತಮಾನ ಮೊದಲು, 1841ರಲ್ಲಿ, ಭಾರತೀಯ ಮತ್ತು ಯೂರೋಪಿಯನ್ ಮೂಲದ ಡೇವಿಡ್ ಆಕ್ಟರ್ಲೋನಿ ಡೈಸ್ ಸೊಂಬ್ರೆ ಸಡ್ಬರಿ ಕ್ಷೇತ್ರದಿಂದ ಆಯ್ಕೆಯಾಗಿದ್ದರು. ಆದರೆ ಲಂಚದ ಆರೋಪದ ಮೇಲೆ ಆ ಚುನಾವಣೆ ಮರುವರ್ಷವೇ ರದ್ದಾಯಿತು. ಭಾರತದ ಜನರ ಪರವಾಗಿ ಮಾತನಾಡುವ ಉದ್ದೇಶವನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಂಡು, ಲಂಡನ್ನಿನ ಸಾಮಾನ್ಯ ಮತದಾರರ ಒಪ್ಪಿಗೆ ಪಡೆದು ಅಲ್ಲಿ ಕುಳಿತವರಲ್ಲಿ ನವರೋಜಿಯವರೇ ಮೊದಲಿಗರು.

ಜನನ ಮತ್ತು ವಿದ್ಯಾಭ್ಯಾಸ

ದಾದಾಭಾಯಿಯವರು ಬಡ ಪಾರ್ಸಿ ಪುರೋಹಿತ ಮನೆತನದಲ್ಲಿ ಜನಿಸಿದರು. ನಾಲ್ಕನೆಯ ವಯಸ್ಸಿನಲ್ಲಿಯೇ ತಂದೆ ತೀರಿಕೊಂಡರು. ಓದುಬರಹ ಅರಿಯದ ತಾಯಿ ಮಾಣೆಕ್‌ಬಾಯಿ ಮರುಮದುವೆಯಾಗದೆ ಮಗನನ್ನು ಸಾಕಿ ಶಾಲೆಗೆ ಕಳುಹಿಸಿದರು. ಅಂದಿನ ರೂಢಿಯಂತೆ ಹನ್ನೊಂದನೆಯ ವಯಸ್ಸಿಗೆ ಗುಲ್‌ಬಾಯಿಯವರೊಡನೆ ವಿವಾಹವೂ ಆಯಿತು. ಬೊಂಬಾಯಿಯ ಎಲ್ಫಿನ್‌ಸ್ಟನ್ ವಿದ್ಯಾಸಂಸ್ಥೆಯಲ್ಲಿ ಶುಲ್ಕವಿಲ್ಲದೆ ಕಲಿಯುವ ಅವಕಾಶ ದೊರೆತುದು ಇವರ ಬಾಳಿನ ದಿಕ್ಕನ್ನೇ ಬದಲಿಸಿತು. ಸಾರ್ವಜನಿಕರ ಹಣದಿಂದ ವಿದ್ಯೆ ಪಡೆದವನು ಸಾರ್ವಜನಿಕರಿಗೆ ಋಣಿ ಎಂಬ ಭಾವನೆ ಇವರಲ್ಲಿ ಕೊನೆಯವರೆಗೂ ಉಳಿದಿತ್ತು.

ಇವರ ಪ್ರತಿಭೆಯನ್ನು ಕಂಡ ನ್ಯಾಯಾಧೀಶ ಎರ್ಸ್ಕಿನ್ ಪೆರಿ, ವಕೀಲಿಯ ವ್ಯಾಸಂಗಕ್ಕಾಗಿ ಇಂಗ್ಲೆಂಡಿಗೆ ಕಳುಹಿಸಲು ಅರ್ಧ ಖರ್ಚನ್ನು ತಾವೇ ಕೊಡುವುದಾಗಿ ಮುಂದೆ ಬಂದರು. ಅಲ್ಲಿಗೆ ಹೋದರೆ ಹುಡುಗ ಕ್ರೈಸ್ತನಾಗಬಹುದೆಂದು ಅಂಜಿದ ಪಾರ್ಸಿ ಹಿರಿಯರು ಉಳಿದರ್ಧ ಹಣಕ್ಕೆ ಒಪ್ಪಲಿಲ್ಲ. ಹೀಗಾಗಿ ಓದಿದ ಸಂಸ್ಥೆಯಲ್ಲಿಯೇ ಅಧ್ಯಾಪಕರಾದರು. 1850ರ ದಶಕದ ನಡುಭಾಗದಲ್ಲಿ ಗಣಿತ ಮತ್ತು ಭೌತಶಾಸ್ತ್ರದ ಪ್ರಾಧ್ಯಾಪಕರಾಗಿ ನೇಮಕಗೊಂಡರು. ಅಲ್ಲಿ ಆ ಹುದ್ದೆಗೇರಿದ ಭಾರತೀಯರಲ್ಲಿ ಇವರೇ ಮೊದಲಿಗರು. ಇದೇ ಕಾಲದಲ್ಲಿ ಮಿತ್ರರೊಡನೆ ಹೆಣ್ಣುಮಕ್ಕಳ ಶಾಲೆಗಳನ್ನು ತೆರೆದರು. 1851ರಲ್ಲಿ ‘ರಾಸ್ತ್ ಗೋಫ್ತಾರ್’ ಎಂಬ ಗುಜರಾತಿ ಪತ್ರಿಕೆಯನ್ನು ಆರಂಭಿಸಿದರು.

ಇಂಗ್ಲೆಂಡಿನಲ್ಲಿ

1855ರಲ್ಲಿ ಕಾಮಾ ಮನೆತನದವರ ವ್ಯಾಪಾರ ಸಂಸ್ಥೆಯ ಪಾಲುದಾರರಾಗಿ ದಾದಾಭಾಯಿಯವರು ಇಂಗ್ಲೆಂಡಿಗೆ ತೆರಳಿದರು. ಅಫೀಮು ಮತ್ತು ಮದ್ಯದ ವ್ಯವಹಾರದ ಲಾಭದಲ್ಲಿ ಪಾಲು ಪಡೆಯಲು ಮನಸ್ಸೊಪ್ಪದೆ ಕೆಲವೇ ವರ್ಷಗಳಲ್ಲಿ ಅದರಿಂದ ಹೊರಬಂದು, 1859ರಲ್ಲಿ ಹತ್ತಿಯ ವ್ಯಾಪಾರಕ್ಕಾಗಿ ಸ್ವಂತ ಸಂಸ್ಥೆಯನ್ನು ಸ್ಥಾಪಿಸಿದರು. ಅಮೆರಿಕದ ಅಂತರ್ಯುದ್ಧ ಮುಗಿದು ಹತ್ತಿಯ ಬೆಲೆ ಕುಸಿದಾಗ ಅದೂ ನಷ್ಟಕ್ಕೀಡಾಯಿತು. ಈ ನಡುವೆ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಗುಜರಾತಿ ಪ್ರಾಧ್ಯಾಪಕರಾಗಿಯೂ ಇದ್ದರು.

1866ರಲ್ಲಿ ಸ್ಥಾಪನೆಯಾದ ಈಸ್ಟ್ ಇಂಡಿಯಾ ಅಸೋಸಿಯೇಷನ್ ಇವರ ಸಾರ್ವಜನಿಕ ಜೀವನದ ನಿಜವಾದ ಆರಂಭ. ಕನ್ನಡ ನಾಡಿಗೆ ಸಂಬಂಧಿಸಿದ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. 1831ರಿಂದ ಬ್ರಿಟಿಷ್ ಆಡಳಿತದಲ್ಲಿದ್ದ ಮೈಸೂರು ಸಂಸ್ಥಾನವನ್ನು ಅರಸು ಮನೆತನಕ್ಕೆ ಹಿಂದಿರುಗಿಸಬೇಕೇ ಬೇಡವೇ ಎಂಬ ಚರ್ಚೆ ಲಂಡನ್ನಿನಲ್ಲಿ ನಡೆಯುತ್ತಿದ್ದಾಗ, 1867ರಲ್ಲಿ ನವರೋಜಿಯವರು ಈ ಸಂಘದ ಸಭೆಯಲ್ಲಿ ಮೈಸೂರಿನ ಪರವಾಗಿ ಪ್ರಬಂಧವೊಂದನ್ನು ಮಂಡಿಸಿದರು. ಸಂಸ್ಥಾನ ಹತ್ತನೆಯ ಚಾಮರಾಜ ಒಡೆಯರ ಕೈಸೇರಿದ್ದು 1881ರಲ್ಲಿ.

1874ರಲ್ಲಿ ಬರೋಡಾದ ದಿವಾನರಾದರೂ ರಾಜ ಮಲ್ಹಾರರಾವ್ ಹಾಗೂ ಬ್ರಿಟಿಷ್ ರೆಸಿಡೆಂಟ್ ಇಬ್ಬರ ನಡುವೆ ಸಿಲುಕಿ ಮರುವರ್ಷದ ಆರಂಭದಲ್ಲಿಯೇ ರಾಜೀನಾಮೆ ನೀಡಿದರು. ನಂತರ ಬೊಂಬಾಯಿ ನಗರಸಭೆಯಲ್ಲಿಯೂ ಪ್ರಾಂತ್ಯದ ಶಾಸನ ಸಭೆಯಲ್ಲಿಯೂ ಕೆಲಸ ಮಾಡಿದರು. 1885ರ ಡಿಸೆಂಬರಿನಲ್ಲಿ ಕಾಂಗ್ರೆಸ್ಸಿನ ಪ್ರಥಮ ಅಧಿವೇಶನದಲ್ಲಿ ಭಾಗವಹಿಸಿದರು.

ಸಂಪತ್ತಿನ ಸೋರಿಕೆಯ ಸಿದ್ಧಾಂತ

ಭಾರತದ ಬಡತನಕ್ಕೆ ಜನರ ಸೋಮಾರಿತನವಾಗಲಿ ಮಳೆಯ ಅಭಾವವಾಗಲಿ ಮೂಲ ಕಾರಣವಲ್ಲ, ಆಡಳಿತ ವ್ಯವಸ್ಥೆಯೇ ಕಾರಣ ಎಂಬುದು ನವರೋಜಿಯವರ ವಾದ. ಸರ್ಕಾರದ್ದೇ ವರದಿಗಳನ್ನು ಆಧರಿಸಿ, 1867–68ರ ವೇಳೆಗೆ ಬ್ರಿಟಿಷ್ ಭಾರತದಲ್ಲಿ ತಲಾ ವಾರ್ಷಿಕ ಆದಾಯ ಸುಮಾರು 20 ರೂಪಾಯಿ ಮಾತ್ರವೆಂದು ಲೆಕ್ಕ ಹಾಕಿದರು. ಸೆರೆಮನೆಯ ಕೈದಿಗೆ ಊಟಬಟ್ಟೆಗಾಗಿ ತಗಲುವ ವೆಚ್ಚದೊಡನೆ ಈ ಮೊತ್ತವನ್ನು ಹೋಲಿಸಿ, ಸ್ವತಂತ್ರನಾದ ರೈತನಿಗೆ ಕೈದಿಯಷ್ಟೂ ದೊರೆಯುತ್ತಿಲ್ಲವೆಂದು ತೋರಿಸಿದರು. ಆಂಗ್ಲ ಅಧಿಕಾರಿಗಳ ಸಂಬಳ, ನಿವೃತ್ತಿ ವೇತನ, ಲಂಡನ್ನಿನ ಭಾರತ ಕಚೇರಿಯ ಖರ್ಚು, ಭಾರತದ ಹೊರಗಿನ ಯುದ್ಧಗಳ ಖರ್ಚು ಇವೆಲ್ಲವೂ ಭಾರತದ ತೆರಿಗೆಯಿಂದ ಹೋಗಿ ಮರಳಿ ಬಾರದೆ ಇರುವುದನ್ನು ಅವರು ಸೋರಿಕೆ ಎಂದು ಕರೆದರು. ಈ ಬರಹಗಳು 1901ರಲ್ಲಿ ‘ಪಾವರ್ಟಿ ಅಂಡ್ ಅನ್-ಬ್ರಿಟಿಷ್ ರೂಲ್ ಇನ್ ಇಂಡಿಯಾ’ ಎಂಬ ಗ್ರಂಥವಾಗಿ ಪ್ರಕಟವಾದವು.

ಈ ಸೋರಿಕೆಯನ್ನು ತಡೆಯುವ ಅಧಿಕಾರ ಕಲ್ಕತ್ತೆಯಲ್ಲಿಲ್ಲ, ವೆಸ್ಟ್‌ಮಿನ್‌ಸ್ಟರ್‌ನಲ್ಲಿದೆ ಎಂಬ ನಿರ್ಣಯಕ್ಕೆ ಬಂದುದರಿಂದಲೇ ಅವರು ಬ್ರಿಟಿಷ್ ಮತದಾರನ ಬಾಗಿಲಿಗೆ ಹೋದರು.

ಚುನಾವಣಾ ಕಣಕ್ಕೆ

ಭಾರತದ ಪ್ರಶ್ನೆಯನ್ನು ಬ್ರಿಟಿಷ್ ಮತದಾರರ ಮುಂದಿಡುವ ಪ್ರಯತ್ನ 1885ರ ಮಹಾಚುನಾವಣೆಯ ವೇಳೆಗೇ ನಡೆದಿತ್ತು. ಬೊಂಬಾಯಿಯಿಂದ ನಾರಾಯಣ ಗಣೇಶ ಚಂದಾವರಕರ್, ಬಂಗಾಳದಿಂದ ಮನಮೋಹನ ಘೋಷ್, ಮದರಾಸಿನಿಂದ ರಾಮಸ್ವಾಮಿ ಮೊದಲಿಯಾರ್ ಪ್ರತಿನಿಧಿಗಳಾಗಿ ಹೋಗಿ ಊರೂರಿನ ಸಭೆಗಳಲ್ಲಿ ಮಾತನಾಡಿದರು. ಇವರಲ್ಲಿ ಚಂದಾವರಕರ್ ಅವರು ಉತ್ತರ ಕನ್ನಡದ ಹೊನ್ನಾವರದಲ್ಲಿ ಹುಟ್ಟಿದವರು. ಅದೇ ಚುನಾವಣೆಯಲ್ಲಿ ಲಾಲ್‌ಮೋಹನ್ ಘೋಷ್ ಡೆಪ್ಟ್‌ಫರ್ಡ್ ಕ್ಷೇತ್ರದಿಂದ ಸ್ಪರ್ಧಿಸಿ ಸೋತರು.

1886ರಲ್ಲಿ ಲಂಡನ್ನಿಗೆ ಬಂದಿಳಿದ ಕೆಲವೇ ತಿಂಗಳಲ್ಲಿ ನವರೋಜಿಯವರು ಹೋಬರ್ನ್ ಕ್ಷೇತ್ರದ ಲಿಬರಲ್ ಅಭ್ಯರ್ಥಿಯಾದರು. ಐರ್ಲೆಂಡಿಗೆ ಸ್ವಯಮಾಡಳಿತ ನೀಡುವ ಗ್ಲ್ಯಾಡ್‌ಸ್ಟನ್ನರ ಮಸೂದೆ ಬಿದ್ದುಹೋಗಿ, ಅದೇ ಪ್ರಶ್ನೆಯ ಮೇಲೆ ಲಿಬರಲ್ ಪಕ್ಷ ಇಬ್ಭಾಗವಾಗಿ ತರಾತುರಿಯಲ್ಲಿ ನಡೆದ ಚುನಾವಣೆ ಅದು. ಹೋಬರ್ನ್ ಮೊದಲಿನಿಂದ ಕನ್ಸರ್ವೇಟಿವರ ಗಟ್ಟಿ ನೆಲೆ. ಪ್ರಚಾರಕ್ಕೆ ಸಿಕ್ಕಿದ ಸಮಯ ಅತ್ಯಲ್ಪ. ಕರ್ನಲ್ ಡಂಕನ್ 3,651 ಮತ ಪಡೆದರೆ ನವರೋಜಿಯವರಿಗೆ 1,950 ಮತಗಳು ಬಂದವು. ಸೋತರೂ ಅಪರಿಚಿತ ಭಾರತೀಯನೊಬ್ಬನಿಗೆ ಇಷ್ಟು ಜನ ಮತ ನೀಡಿದುದೇ ಅವರಿಗೆ ಧೈರ್ಯ ತಂದಿತು.

ಅಂದಿನ ಚುನಾವಣಾ ವ್ಯವಸ್ಥೆ

ಮುಂದಿನ ಹೋರಾಟವನ್ನು ತಿಳಿಯಬೇಕಾದರೆ ಅಂದಿನ ಪದ್ಧತಿಯ ಪರಿಚಯ ಅಗತ್ಯ. 1884ರ ಸುಧಾರಣೆಯ ಬಳಿಕವೂ ಮತದಾನದ ಹಕ್ಕು ಮನೆವಾರ್ತೆಯುಳ್ಳ ಗಂಡಸರಿಗೆ ಮತ್ತು ನಿಗದಿತ ಬಾಡಿಗೆ ಕೊಡುವ ಕೋಣೆವಾಸಿಗಳಿಗೆ ಮಾತ್ರ ಇತ್ತು. ಸ್ತ್ರೀಯರಿಗೆ ಇರಲಿಲ್ಲ. ಒಬ್ಬನಿಗೆ ಬೇರೆ ಬೇರೆ ಕ್ಷೇತ್ರಗಳಲ್ಲಿ ಆಸ್ತಿಯಿದ್ದರೆ ಅಲ್ಲೆಲ್ಲ ಮತ ಹಾಕಬಹುದಿತ್ತು. ದೇಶದಲ್ಲೆಲ್ಲ ಮತದಾನ ಒಂದೇ ದಿನ ನಡೆಯದೆ ಹಲವು ವಾರ ಎಳೆಯುತ್ತಿದ್ದುದರಿಂದ ಅಂಥವರಿಗೆ ಇದು ಸುಲಭವೂ ಆಗಿತ್ತು. ಬಾಡಿಗೆ ಕೋಣೆಯಲ್ಲಿರುವವರು ಪ್ರತಿವರ್ಷ ಅರ್ಜಿ ಹಾಕಿ ತಮ್ಮ ಹೆಸರನ್ನು ಪಟ್ಟಿಗೆ ಸೇರಿಸಿಕೊಳ್ಳಬೇಕು. ಎದುರು ಪಕ್ಷದವರು ಆಕ್ಷೇಪಿಸಿದರೆ ವಿಚಾರಣೆಯಲ್ಲಿ ಹಕ್ಕನ್ನು ಸಾಬೀತು ಮಾಡಬೇಕು. ಆದ್ದರಿಂದ ಪಟ್ಟಿಯ ಕೆಲಸವೇ ಚುನಾವಣೆಯ ಅರ್ಧ ಕೆಲಸ. 1872ರಲ್ಲಿ ಗುಪ್ತ ಮತದಾನ ಬಂದಿತ್ತು. 1883ರ ಕಾಯಿದೆ ಅಭ್ಯರ್ಥಿಯ ಖರ್ಚಿಗೆ ಮಿತಿ ಹಾಕಿದ್ದರಿಂದ, ಹಣ ಪಡೆದು ದುಡಿಯುವವರ ಬದಲು ಮನೆಮನೆ ತಿರುಗುವ ಸ್ವಯಂಸೇವಕರೇ ಪಕ್ಷಗಳಿಗೆ ಆಧಾರವಾದರು. ಸಂಸತ್ ಸದಸ್ಯರಿಗೆ ಸಂಬಳ ಬಂದದ್ದು 1911ರಲ್ಲಿ. ಅಲ್ಲಿಯವರೆಗೆ ಸ್ವಂತ ಹಣವಿಲ್ಲದವನು ಮಿತ್ರರ ನೆರವನ್ನೇ ನಂಬಬೇಕಾಗಿತ್ತು.

ಸಾಲ್ಸ್‌ಬರಿಯವರ ಮಾತು

1888ರಲ್ಲಿ ಸೆಂಟ್ರಲ್ ಫಿನ್ಸ್‌ಬರಿಯ ಲಿಬರಲ್ ಸಂಘ ಅಲ್ಪ ಬಹುಮತದಿಂದ ನವರೋಜಿಯವರನ್ನು ತನ್ನ ಅಭ್ಯರ್ಥಿಯಾಗಿ ಆರಿಸಿತು. ಅದೇ ವರ್ಷ ಕರ್ನಲ್ ಡಂಕನ್ ತೀರಿಕೊಂಡದ್ದರಿಂದ ಹೋಬರ್ನ್‌ನಲ್ಲಿ ಉಪಚುನಾವಣೆ ನಡೆದು ಕನ್ಸರ್ವೇಟಿವರ ಅಂತರ ಕಡಿಮೆಯಾಯಿತು. ಪ್ರಧಾನಿ ಲಾರ್ಡ್ ಸಾಲ್ಸ್‌ಬರಿಯವರು ನವೆಂಬರ್ 30ರಂದು ಎಡಿನ್‌ಬರೋದ ಸಭೆಯಲ್ಲಿ ಇದಕ್ಕೆ ಸಮಾಧಾನ ಹೇಳುತ್ತ, ಹಿಂದಿನ ಬಾರಿಯ ದೊಡ್ಡ ಅಂತರಕ್ಕೆ ಎದುರಾಳಿ ಕರಿಯನಾಗಿದ್ದುದೇ ಕಾರಣವೆಂದೂ, ಅಂಥವನನ್ನು ಆರಿಸುವ ಮಟ್ಟಕ್ಕೆ ಆಂಗ್ಲ ಕ್ಷೇತ್ರವೊಂದು ಬಂದಿದೆಯೆಂದು ತಮಗೆ ತೋರದೆಂದೂ ಹೇಳಿದರು.

ಈ ಮಾತು ಪ್ರಧಾನಿಯ ಎಣಿಕೆಗೆ ಮೀರಿದ ಪರಿಣಾಮ ಬೀರಿತು. ಗ್ಲ್ಯಾಡ್‌ಸ್ಟನ್ ಮೊದಲಾದವರು ಖಂಡಿಸಿದರು. ಭಾರತದ ಪತ್ರಿಕೆಗಳು ಸಿಡಿದೆದ್ದವು. ಮೈಬಣ್ಣದಲ್ಲಿ ನವರೋಜಿಯವರೇ ಸಾಲ್ಸ್‌ಬರಿಗಿಂತ ಬಿಳುಪು ಎಂಬ ನಗೆಮಾತೂ ಹುಟ್ಟಿಕೊಂಡಿತು. ನ್ಯಾಷನಲ್ ಲಿಬರಲ್ ಕ್ಲಬ್ಬಿನಲ್ಲಿ ಅವರ ಗೌರವಾರ್ಥ ಔತಣಕೂಟ ಏರ್ಪಟ್ಟಿತು. ಮತದಾರರಿಗೆ ಹೆಸರನ್ನು ಉಚ್ಚರಿಸುವುದೇ ಕಷ್ಟವಾಗಿದ್ದ ಅಭ್ಯರ್ಥಿಯೊಬ್ಬರು ರಾತ್ರಿ ಬೆಳಗಾಗುವುದರೊಳಗೆ ದೇಶದಲ್ಲೆಲ್ಲ ಪರಿಚಿತರಾದರು.

ಹೊರಗಿನ ಶತ್ರುವಿಗಿಂತ ಒಳಗಿನ ತೊಡಕು ದೊಡ್ಡದಾಗಿತ್ತು. ಆಯ್ಕೆಯಲ್ಲಿ ಸೋತ ಪಕ್ಷೀಯರು ಫಲಿತಾಂಶವನ್ನು ಒಪ್ಪಲಿಲ್ಲ. ಭಾರತೀಯನನ್ನು ನಿಲ್ಲಿಸಿದರೆ ಒಂದು ಸ್ಥಾನ ಕೈತಪ್ಪುವುದೆಂದು ಲೆಕ್ಕ ಹಾಕಿದ ಪಕ್ಷದ ಸಂಘಟಕರು ಅವರನ್ನು ಹಿಂದೆ ಸರಿಸಲು ನೋಡಿದರು. ಮತ್ತೊಬ್ಬ ಲಿಬರಲ್ ಅಭ್ಯರ್ಥಿ ಬಹುಕಾಲ ಕಣದಲ್ಲಿ ಉಳಿದು ಮತದಾನ ಸಮೀಪಿಸಿದಾಗಲಷ್ಟೇ ಹಿಂದೆಗೆದರು. ನಾಲ್ಕು ವರ್ಷ ನಡೆದ ಈ ಜಗಳದಲ್ಲಿ ನವರೋಜಿಯವರು ಸಂಘದ ತೀರ್ಮಾನವೇ ತಮ್ಮ ಹಕ್ಕಿನ ಆಧಾರವೆಂದು ಹಟ ಹಿಡಿದು ನಿಂತರು. ಅಂದು ಮಣಿದಿದ್ದರೆ 1892ರ ಇತಿಹಾಸವೇ ಇರುತ್ತಿರಲಿಲ್ಲ.

1892ರ ಮಹಾಚುನಾವಣೆ

ಸೆಂಟ್ರಲ್ ಫಿನ್ಸ್‌ಬರಿಯೆಂದರೆ ಮುಖ್ಯವಾಗಿ ಕ್ಲರ್ಕನ್‌ವೆಲ್ ಪ್ರದೇಶ. ಗಡಿಯಾರ ತಯಾರಿಸುವವರು, ಚಿನ್ನಬೆಳ್ಳಿಯ ಕೆಲಸಗಾರರು, ಸಣ್ಣ ಅಂಗಡಿಕಾರರು ತುಂಬಿದ್ದ ಇಕ್ಕಟ್ಟಾದ ಬೀದಿಗಳು. ಇಲ್ಲಿನ ಕುಶಲಕರ್ಮಿಗಳಲ್ಲಿ ರಾಜಕೀಯ ವಾಗ್ವಾದದ ಹಳೆಯ ಸಂಪ್ರದಾಯವಿತ್ತು. ಕೆಲಸಗಾರರ ರ‍್ಯಾಡಿಕಲ್ ಕ್ಲಬ್ಬುಗಳಲ್ಲಿ ಸಂಜೆಯ ಹೊತ್ತು ಅಭ್ಯರ್ಥಿಗಳನ್ನು ಕರೆಸಿ ಪ್ರಶ್ನೆಗಳ ಸುರಿಮಳೆಗರೆಯುವುದು ವಾಡಿಕೆ.

1891ರಲ್ಲಿ ಲಿಬರಲ್ ಪಕ್ಷ ನ್ಯೂಕ್ಯಾಸಲ್‌ನಲ್ಲಿ ಒಪ್ಪಿಕೊಂಡ ಕಾರ್ಯಕ್ರಮ ಆ ಚರ್ಚೆಗಳಿಗೆ ಆಧಾರವಾಗಿತ್ತು. ಐರಿಷ್ ಸ್ವಯಮಾಡಳಿತ ಅದರ ಮೊದಲ ಅಂಶ. ವೇಲ್ಸ್ ಮತ್ತು ಸ್ಕಾಟ್ಲೆಂಡಿನ ಚರ್ಚುಗಳಿಗಿದ್ದ ರಾಜಾಶ್ರಯದ ನಿಲುಗಡೆ, ಮದ್ಯದಂಗಡಿ ಬೇಕೇ ಬೇಡವೇ ಎಂದು ತೀರ್ಮಾನಿಸುವ ಹಕ್ಕು ಸ್ಥಳೀಯರಿಗೆ, ಒಬ್ಬನಿಗೆ ಒಂದೇ ಮತ, ಕೆಲಸದಲ್ಲಿ ಗಾಯಗೊಂಡವರಿಗೆ ಮಾಲೀಕರ ಹೊಣೆ ಮುಂತಾದವು ಅನಂತರ ಬರುತ್ತಿದ್ದವು. ಪಟ್ಟಿ ಬಹಳ ಉದ್ದವಾಯಿತೆಂದೂ ಎಲ್ಲರನ್ನೂ ಮೆಚ್ಚಿಸಹೋಗಿ ಯಾವುದನ್ನೂ ಮುಗಿಸಲಾಗದೆಂದೂ ಪಕ್ಷದೊಳಗೇ ಗೊಣಗುವವರಿದ್ದರು. ಕನ್ಸರ್ವೇಟಿವರು ಸಾಮ್ರಾಜ್ಯದ ಐಕ್ಯವೇ ಮುಖ್ಯವೆಂದೂ ಐರ್ಲೆಂಡನ್ನು ಬಿಟ್ಟುಕೊಟ್ಟರೆ ಉಳಿದುದೂ ಸಡಿಲವಾಗುವುದೆಂದೂ ಪ್ರತಿಪಾದಿಸಿದರು.

ಕ್ಲರ್ಕನ್‌ವೆಲ್‌ನ ಬಾಡಿಗೆದಾರನಿಗೆ ಇವೆರಡಕ್ಕಿಂತ ಹತ್ತಿರವಾದುದು ಮನೆ ಮತ್ತು ನೆಲದ ಪ್ರಶ್ನೆ. ಗುತ್ತಿಗೆಯ ಅವಧಿ ಮುಗಿದೊಡನೆ ಕಟ್ಟಡವೆಲ್ಲ ಭೂಮಾಲೀಕನ ಪಾಲಾಗುತ್ತಿತ್ತು. ಎದುರಾಳಿಯಾಗಿದ್ದ ಹಾಲಿ ಸದಸ್ಯ ಕ್ಯಾಪ್ಟನ್ ಪೆಂಟನ್ ಅವರು, ಪಕ್ಕದ ಪೆಂಟನ್‌ವಿಲ್ ಬಡಾವಣೆಗೆ ಯಾವ ಮನೆತನದಿಂದ ಹೆಸರು ಬಂದಿತೋ ಆ ಭೂಮಾಲೀಕ ಮನೆತನದವರು. ನವರೋಜಿಯವರ ಕಾರ್ಯತಂತ್ರದ ಜಾಣ್ಮೆ ಇಲ್ಲಿದೆ. ಅವರು ಭಾರತದ ಅಭ್ಯರ್ಥಿಯೆಂದು ಮಾತ್ರ ತೋರಿಸಿಕೊಳ್ಳದೆ, ಲಂಡನ್ನಿನ ನಗರಾಡಳಿತ ಸುಧಾರಣೆ, ನೆಲಬಾಡಿಗೆಯ ಮೇಲೆ ತೆರಿಗೆ, ದುಡಿಮೆಯ ಅವಧಿಗೆ ಮಿತಿ, ಸ್ತ್ರೀಯರಿಗೆ ಮತಾಧಿಕಾರ ಇವುಗಳ ಪರವಾಗಿ ನಿಂತರು. ಐರಿಷ್ ಮತದಾರರ ಮುಂದೆ ಐರ್ಲೆಂಡ್ ಮತ್ತು ಭಾರತಗಳ ಕಷ್ಟದ ಮೂಲ ಒಂದೇ ಎಂದು ವಿವರಿಸಿದರು. ಊರಿನ ಸಂಘಸಂಸ್ಥೆಗಳಿಗೆ ಸೇರಿದರು, ವರ್ಷಗಟ್ಟಲೆ ಬೀದಿಬೀದಿ ತಿರುಗಿದರು. ಫ್ಲಾರೆನ್ಸ್ ನೈಟಿಂಗೇಲ್ ಅವರ ಬೆಂಬಲವೂ ದೊರೆಯಿತು. ಮಹಮದ್ ಅಲಿ ಜಿನ್ನಾ ಈ ಚುನಾವಣೆಯಲ್ಲಿ ಪ್ರಚಾರ ಮಾಡಿದರೆಂದು ಕೆಲವೆಡೆ ಬರೆದಿರುವುದುಂಟು; ಆದರೆ ಅವರ ಜೀವನಚರಿತ್ರೆಕಾರರು ಕೊಡುವ ದಿನಾಂಕಗಳ ಪ್ರಕಾರ ಜಿನ್ನಾ ಇಂಗ್ಲೆಂಡನ್ನು ತಲುಪಿದ್ದು ಮತದಾನ ಮುಗಿದ ಮೇಲೆ.

ಜುಲೈ ತಿಂಗಳಲ್ಲಿ ಮತ ಎಣಿಕೆ ಮುಗಿದಾಗ ನವರೋಜಿಯವರಿಗೆ 2,961, ಪೆಂಟನ್ ಅವರಿಗೆ 2,956 ಮತಗಳು ಬಂದಿದ್ದವು. ಐದೇ ಮತಗಳ ಅಂತರ. ಸೋತವರು ಅರ್ಜಿ ಸಲ್ಲಿಸಿ ಮರುಎಣಿಕೆ ಮಾಡಿಸಿದಾಗ ಅದು ಮೂರಕ್ಕೆ ಇಳಿಯಿತು. ಆದರೆ ಗೆಲುವು ನಿಂತಿತು. ಇಂಗ್ಲಿಷಿನಲ್ಲಿ ಅಲ್ಪ ಬಹುಮತವೆಂಬ ಅರ್ಥದ ನ್ಯಾರೋ ಮೆಜಾರಿಟಿ ಎಂಬ ಪದಗಳನ್ನು ನವರೋಜಿ ಹೆಸರಿನೊಡನೆ ಜೋಡಿಸಿ ಜನ ವಿನೋದ ಮಾಡಿದರು. ಒಟ್ಟು ಐದು ಸಾವಿರದ ಒಂಬೈನೂರಕ್ಕೂ ಮಿಕ್ಕ ಮತಗಳಲ್ಲಿ ಮೂವರ ಒಲವು ಫಲಿತಾಂಶವನ್ನು ನಿರ್ಣಯಿಸಿತ್ತು. ಪಟ್ಟಿಗೆ ಹೆಸರು ಸೇರಿಸಲು ಕೋಣೆವಾಸಿಗಳ ಬೆನ್ನುಹತ್ತಿದ ಅನಾಮಧೇಯ ಸ್ವಯಂಸೇವಕರ ಪಾಲು ಇದರಲ್ಲಿ ಎಷ್ಟೆಂಬುದನ್ನು ಓದುಗರೇ ಊಹಿಸಬಹುದು.

ಸಂಸತ್ತಿನಲ್ಲಿ

ಸಂಸತ್ತಿನಲ್ಲಿ ನವರೋಜಿಯವರು ಬೈಬಲ್ಲಿನ ಬದಲು ತಮ್ಮ ಧರ್ಮಗ್ರಂಥವಾದ ಖೊರ್ದೆ ಅವೆಸ್ತಾದ ಮೇಲೆ ಪ್ರಮಾಣ ಸ್ವೀಕರಿಸಿದರು. ಆಗಸ್ಟ್ 1892ರಲ್ಲಿ ಮೊದಲ ಭಾಷಣ ಮಾಡಿ, ತಮ್ಮನ್ನು ಆರಿಸಿದ ಕ್ಷೇತ್ರಕ್ಕೆ ಭಾರತದ ಪರವಾಗಿ ಕೃತಜ್ಞತೆ ಅರ್ಪಿಸಿದರು. ಮತದಾರರಿಗೆ ಕೊಟ್ಟ ಮಾತಿನಂತೆ 1893ರ ಐರಿಷ್ ಸ್ವಯಮಾಡಳಿತ ಮಸೂದೆಯನ್ನು ಬೆಂಬಲಿಸಿದರು. ಆ ಮಸೂದೆ ಕಾಮನ್ಸ್‌ನಲ್ಲಿ ಗೆದ್ದು ಲಾರ್ಡ್ಸ್ ಸಭೆಯಲ್ಲಿ ಸೋತಿತು.

ಸಿವಿಲ್ ಸರ್ವಿಸ್ ಪರೀಕ್ಷೆಗಳು ಇಂಗ್ಲೆಂಡ್ ಮತ್ತು ಭಾರತ ಎರಡರಲ್ಲೂ ಏಕಕಾಲಕ್ಕೆ ನಡೆಯಬೇಕೆಂಬುದು ಅವರ ಬಹುದಿನಗಳ ಬೇಡಿಕೆ. 1893ರ ಜೂನ್ ತಿಂಗಳಿನಲ್ಲಿ ಹರ್ಬರ್ಟ್ ಪಾಲ್ ಮಂಡಿಸಿದ ಈ ಕುರಿತ ನಿರ್ಣಯ ಅಲ್ಪ ಹಾಜರಾತಿಯ ಸಭೆಯಲ್ಲಿ ಅಂಗೀಕಾರವಾಯಿತು. ಆದರೆ ಭಾರತ ಸರ್ಕಾರದ ವಿರೋಧದಿಂದ ಅದು ಕಾಗದದಲ್ಲೇ ಉಳಿಯಿತು. ಕಾಮನ್ಸ್ ಸಭೆಯ ತೀರ್ಮಾನವನ್ನೂ ಆಡಳಿತಗಾರರು ಬದಿಗಿಡಬಲ್ಲರೆಂಬ ಅನುಭವ ಅವರ ನಂಬಿಕೆಗೆ ಬಿದ್ದ ಮೊದಲ ದೊಡ್ಡ ಪೆಟ್ಟು. ಅದೇ ವರ್ಷ ಮಗ ಅರ್ದೇಶಿರ್ ಅಕಾಲ ಮರಣಕ್ಕೀಡಾದರು. ಆ ದುಃಖದಲ್ಲಿಯೂ ಡಿಸೆಂಬರಿನಲ್ಲಿ ಭಾರತಕ್ಕೆ ಬಂದು ಲಾಹೋರ್ ಕಾಂಗ್ರೆಸ್ಸಿನ ಅಧ್ಯಕ್ಷತೆ ವಹಿಸಿದರು. 1895ರಲ್ಲಿ ಭಾರತದ ಖರ್ಚುವೆಚ್ಚಗಳ ವಿಚಾರಣೆಗಾಗಿ ನೇಮಕವಾದ ವೆಲ್ಬಿ ಆಯೋಗದಲ್ಲಿ ಸದಸ್ಯರಾಗಿ, ಸಾಕ್ಷಿಯಾಗಿಯೂ ಹೇಳಿಕೆ ನೀಡಿದರು.

1895 ಮತ್ತು 1906ರ ಸೋಲುಗಳು

1895ರ ಚುನಾವಣೆಯಲ್ಲಿ ಲಿಬರಲ್ ಪಕ್ಷ ದೇಶದಲ್ಲೆಲ್ಲ ನೆಲಕಚ್ಚಿತು. ನ್ಯೂಕ್ಯಾಸಲ್ ಕಾರ್ಯಕ್ರಮದ ಬಹುಭಾಗ ಈಡೇರಿರಲಿಲ್ಲ. ಮದ್ಯದ ವ್ಯಾಪಾರಿಗಳು ತಿರುಗಿಬಿದ್ದಿದ್ದರು. ನವರೋಜಿಯವರೂ ಸೋತರು. ವಿಚಿತ್ರವೆಂದರೆ ಅದೇ ಚುನಾವಣೆಯಲ್ಲಿ ಮತ್ತೊಬ್ಬ ಪಾರ್ಸಿ, ಮಂಚೇರ್ಜಿ ಭಾವನಗರಿ, ಸಾಲ್ಸ್‌ಬರಿಯವರ ಕನ್ಸರ್ವೇಟಿವ್ ಪಕ್ಷದಿಂದಲೇ ಬೆತ್ನಲ್ ಗ್ರೀನ್ ಈಶಾನ್ಯ ಕ್ಷೇತ್ರದಲ್ಲಿ ಗೆದ್ದರು. ಕಾಂಗ್ರೆಸ್ಸಿನ ನೀತಿಗೆ ವಿರೋಧಿಯಾಗಿದ್ದ ಅವರ ಆಯ್ಕೆ ನವರೋಜಿಯವರ ಮಿತ್ರರಿಗೆ ಕಹಿಯಾಗಿತ್ತು.

1906ರಲ್ಲಿ, ಎಂಬತ್ತು ದಾಟಿದ ಮೇಲೆ, ನಾರ್ತ್ ಲ್ಯಾಂಬೆತ್ ಕ್ಷೇತ್ರದಿಂದ ಮತ್ತೆ ಸ್ಪರ್ಧಿಸಿದರು. ಇಲ್ಲಿಯೂ ಪಕ್ಷದೊಳಗಿನ ಒಡಕು ಎದುರಾಯಿತು. ಈ ಸಲ ಇತರ ಲಿಬರಲ್ ಅಭ್ಯರ್ಥಿ ಹಿಂದೆಗೆಯಲಿಲ್ಲ. ಲಿಬರಲ್ ಅಲೆ ದೇಶವನ್ನೆಲ್ಲ ತುಂಬಿದ ಆ ಚುನಾವಣೆಯಲ್ಲಿ ಪಕ್ಷದ ಅತಿ ಹಿರಿಯ ಭಾರತೀಯ ಮಿತ್ರ ಬಹಳ ಹಿಂದೆ ಬಿದ್ದು ಸೋತರು.

ಕೊನೆಯ ವರ್ಷಗಳು

ವಯಸ್ಸಾದಂತೆ ಮೃದುವಾಗುವುದು ಲೋಕರೂಢಿ. ನವರೋಜಿಯವರು ಕಠಿಣವಾಗುತ್ತ ಹೋದರು. ಶತಮಾನದ ಕೊನೆಯ ಭೀಕರ ಬರಗಾಲಗಳ ಅನಂತರ ಅವರ ಮಾತಿನಲ್ಲಿ ಮನವಿಯ ಧಾಟಿ ಕ್ಷೀಣಿಸಿತು. 1904ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಅಂತರರಾಷ್ಟ್ರೀಯ ಸಮಾಜವಾದಿ ಸಮ್ಮೇಳನದಲ್ಲಿ ಭಾರತದ ಪರವಾಗಿ ಮಾತನಾಡಿದಾಗ ಸಭಿಕರು ಎದ್ದುನಿಂತು ಗೌರವಿಸಿದರು. 1906ರ ಡಿಸೆಂಬರಿನಲ್ಲಿ, ಸೌಮ್ಯರು ಮತ್ತು ತೀವ್ರರ ನಡುವೆ ಒಡೆಯುವಂತಿದ್ದ ಕಾಂಗ್ರೆಸ್ಸನ್ನು ಒಂದಾಗಿ ಹಿಡಿಯಲು ಕಲ್ಕತ್ತೆಯ ಅಧಿವೇಶನಕ್ಕೆ ಅವರನ್ನೇ ಅಧ್ಯಕ್ಷರನ್ನಾಗಿ ಕರೆತರಲಾಯಿತು. ಅಲ್ಲಿ ಅವರು ಸ್ವರಾಜ್ಯವೇ ಗುರಿಯೆಂದು ಸಾರಿದರು. ಒಡಕು ಮರುವರ್ಷ ಸೂರತ್ತಿನಲ್ಲಿ ಆಗಿಯೇ ಹೋಯಿತು.

1907ರಲ್ಲಿ ಇಂಗ್ಲೆಂಡನ್ನು ಶಾಶ್ವತವಾಗಿ ಬಿಟ್ಟು ಬಂದು ಬೊಂಬಾಯಿ ಸಮೀಪದ ವರ್ಸೋವಾದಲ್ಲಿ ನೆಲಸಿದರು. ಬೊಂಬಾಯಿ ವಿಶ್ವವಿದ್ಯಾನಿಲಯ ಗೌರವ ಡಾಕ್ಟರೇಟ್ ನೀಡಿತು. 1917ರ ಜೂನ್ 30ರಂದು, ತೊಂಬತ್ತೊಂದನೆಯ ವಯಸ್ಸಿನಲ್ಲಿ ನಿಧನರಾದರು. ಮೊಮ್ಮಕ್ಕಳಲ್ಲಿ ಪೆರಿನ್ ಮತ್ತು ಖುರ್ಷೇದ್ ಸಹೋದರಿಯರು ಮುಂದೆ ಗಾಂಧೀಜಿಯವರ ಚಳವಳಿಯಲ್ಲಿ ಸೆರೆವಾಸ ಅನುಭವಿಸಿದರು.

ಸ್ಮಾರಕಗಳು

ಮುಂಬಯಿಯ ಹಳೆಯ ಹಾರ್ನ್‌ಬಿ ರಸ್ತೆಗೆ ಇಂದು ದಾದಾಭಾಯಿ ನವರೋಜಿ ರಸ್ತೆಯೆಂದು ಹೆಸರು. 1963ರಲ್ಲಿ ಭಾರತ ಸರ್ಕಾರ ಅಂಚೆಚೀಟಿ ಹೊರತಂದಿತು. ಲಂಡನ್ನಿನ ಹಳೆಯ ಫಿನ್ಸ್‌ಬರಿ ಪುರಭವನದ ಮೇಲೆ ಇವರ ನೆನಪಿನ ಫಲಕವಿದೆ. ಆ ಪ್ರದೇಶದ ಒಂದು ಬೀದಿಗೆ ಇವರ ಹೆಸರನ್ನಿಟ್ಟಿದ್ದಾರೆ. 2022ರಲ್ಲಿ ಬ್ರಾಮ್ಲಿ ಭಾಗದ ಅನರ್ಲಿ ಪಾರ್ಕ್‌ನಲ್ಲಿ ಇವರು ವಾಸವಾಗಿದ್ದ ಮನೆಗೆ ಇಂಗ್ಲಿಷ್ ಹೆರಿಟೇಜ್ ಸಂಸ್ಥೆ ನೀಲಿ ಫಲಕವನ್ನು ಹಾಕಿತು.